ಫೆರೋಕಾಂತೀಯ ವಸ್ತುಗಳು ಮತ್ತು ಬಾಹ್ಯ ಕಾಂತಕ್ಷೇತ್ರ

ಕಬ್ಬಿಣ, ಕೋಬಾಲ್ಟ್, ನಿಕಲ್ ಮತ್ತು ಗ್ಯಾಡೊಲಿನಿಯಮ್ ಪ್ರಮುಖ ಫೆರೋಕಾಂತೀಯ ಧಾತುಗಳು. ಇವುಗಳ ಒಳಗೆ ಡೊಮೇನ್ ಎಂಬ ಸೂಕ್ಷ್ಮ ವಲಯಗಳಿರುತ್ತವೆ. ಒಂದು ವಲಯದ ಪರಮಾಣುಗಳ ಕಾಂತೀಯತೆಯೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತದೆ. ಈ ಕಲ್ಪನೆಯನ್ನು 1907ರಲ್ಲಿ ಮುಂದಿಟ್ಟವರು ಫ್ರಾನ್ಸಿನ ಪಿಯರ್ ವೈಸ್. ಡೊಮೇನ್‌ಗಳ ದಿಕ್ಕು ಬೇರೆ ಬೇರೆಯಾದ್ದರಿಂದ ಸಾಮಾನ್ಯ ಕಬ್ಬಿಣದ ಮೊಳೆ ತಾನಾಗಿ ಆಯಸ್ಕಾಂತವಲ್ಲ.

ಹೊರಗಿನ ಕಾಂತಕ್ಷೇತ್ರ ತಾಗಿದಾಗ ಆ ದಿಕ್ಕಿಗೆ ಹೊಂದುವ ಡೊಮೇನ್‌ಗಳು ಗಡಿ ಸರಿಸಿ ಹಿಗ್ಗುತ್ತವೆ, ಉಳಿದವು ಕುಗ್ಗುತ್ತವೆ. ಕ್ಷೇತ್ರ ಪ್ರಬಲವಾದರೆ ಡೊಮೇನ್‌ಗಳ ದಿಕ್ಕೇ ತಿರುಗುತ್ತದೆ. ಎಲ್ಲವೂ ಸಾಲುಗೂಡಿದ ಮೇಲೆ ಕಾಂತೀಯತೆ ಹೆಚ್ಚದು. ಅದೇ ಸಂತೃಪ್ತ ಸ್ಥಿತಿ. ಗಡಿಗಳು ಸಲೀಸಾಗಿ ಜಾರದೆ ತಡೆತಡೆದು ನೆಗೆಯುತ್ತವೆ. 1919ರಲ್ಲಿ ಜರ್ಮನಿಯ ಬಾರ್ಕ್‌ಹೌಸೆನ್ ಕಬ್ಬಿಣಕ್ಕೆ ತಂತಿಸುರುಳಿ ಸುತ್ತಿ, ಈ ನೆಗೆತಗಳನ್ನು ಚಿಟಪಟ ಸದ್ದಾಗಿ ಕೇಳಿಸಿದರು.

ಹೆಚ್ಚು ಗೊಂದಲ ಹುಟ್ಟಿಸುವ ಭಾಗ ಹಿಸ್ಟೆರಿಸಿಸ್, ಅಂದರೆ ಕ್ಷೇತ್ರ ಬದಲಾದಾಗ ಕಾಂತೀಯತೆ ಅದರ ಹಿಂದೆ ಬೀಳುವುದು. ಕ್ಷೇತ್ರವನ್ನು ಸೊನ್ನೆಗೆ ಇಳಿಸಿದರೂ ಉಳಿಯುವ ಕಾಂತೀಯತೆ ರಿಟೆಂಟಿವಿಟಿ. ಅದನ್ನು ಅಳಿಸಲು ಬೇಕಾದ ವಿರುದ್ಧ ದಿಕ್ಕಿನ ಕ್ಷೇತ್ರ ಕೋಅರ್ಸಿವಿಟಿ. ಕ್ಷೇತ್ರವನ್ನು ಹಿಂದೆಮುಂದೆ ಬದಲಿಸಿದಾಗ ಕಾಂತೀಯತೆಯ ನಕ್ಷೆಯಲ್ಲಿ ಮೂಡುವ ಹಿಸ್ಟೆರಿಸಿಸ್ ಕುಣಿಕೆಯ ವಿಸ್ತೀರ್ಣವು, ಪ್ರತಿ ಆವರ್ತದಲ್ಲಿ ವಸ್ತುವಿನ ಏಕಮಾನ ಗಾತ್ರದಿಂದ ಶಾಖವಾಗಿ ನಷ್ಟವಾಗುವ ಶಕ್ತಿಯನ್ನು ಸೂಚಿಸುತ್ತದೆ. ಸೆಕೆಂಡಿಗೆ 50 ಆವರ್ತಗಳ ವಿದ್ಯುತ್ತಿನಲ್ಲಿ ದುಡಿಯುವ ಟ್ರಾನ್ಸ್‌ಫಾರ್ಮರ್ ತಿರುಳಿಗೆ ಕಿರಿದಾದ ಕುಣಿಕೆಯ ಸಿಲಿಕಾನ್ ಉಕ್ಕನ್ನು ಬಳಸಲು ಇದೇ ಕಾರಣ. ಶಾಶ್ವತ ಕಾಂತಗಳಿಗೆ ಅಗಲ ಕುಣಿಕೆಯ ಆಲ್ನಿಕೊ ಅಥವಾ ನಿಯೋಡೈಮಿಯಮ್ ಮಿಶ್ರಲೋಹ ಬೇಕು.

ಬಿಸಿ ಮಾಡುತ್ತ ಕ್ಯೂರಿ ತಾಪ ಎಂಬ ಮಿತಿಯನ್ನು ಮೀರಿದರೆ ಡೊಮೇನ್‌ಗಳ ವ್ಯವಸ್ಥೆ ಕುಸಿದು ವಸ್ತು ಪ್ಯಾರಾಕಾಂತೀಯವಾಗುತ್ತದೆ, ಅಂದರೆ ಕಾಂತಕ್ಷೇತ್ರಕ್ಕೆ ದುರ್ಬಲವಾಗಿ ಮಾತ್ರ ಆಕರ್ಷಿತವಾಗುತ್ತದೆ. ಕಬ್ಬಿಣಕ್ಕೆ ಇದು ಸುಮಾರು 770 ಡಿಗ್ರಿ ಸೆಲ್ಸಿಯಸ್. ಗ್ಯಾಡೊಲಿನಿಯಮ್‌ಗೆ ಕೇವಲ 20ರ ಆಸುಪಾಸು, ಅಂದರೆ ಬೇಸಿಗೆಯ ಕೋಣೆಯಲ್ಲೇ ಅದು ಫೆರೋಕಾಂತೀಯ ಗುಣ ಕಳೆದುಕೊಳ್ಳುತ್ತದೆ.