ಟ್ಯಾಕೋಮೀಟರ್ ಎರಡುಪಟ್ಟು ತೋರಿಸಿದರೆ

ನಿಮ್ಮ ಹಳೆಯ ಸ್ಪ್ಲೆಂಡರ್ ಬೈಕಿಗೆ ನೀವೇ ಹಾಕಿದ ಟ್ಯಾಕೋಮೀಟರ್ ಐಡ್ಲಿಂಗಿನಲ್ಲೇ 2,800 ತೋರಿಸಿತೆಂದು ಗಾಬರಿ ಬೇಡ. ಎಂಜಿನ್ ಸರಿಯಾಗಿದೆ, ಮೀಟರಿನ ಲೆಕ್ಕ ತಪ್ಪಿದೆ. ಫೋರ್ ಸ್ಟ್ರೋಕ್ ಅಂದಮೇಲೆ ಎರಡು ಸುತ್ತಿಗೊಂದು ಕಿಡಿ ಅಂದುಕೊಂಡು ಸೆಟ್ಟಿಂಗ್ ಇಟ್ಟಿದ್ದೀರಿ. ಈ ಗಾಡಿಯಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಹೊಗೆ ಹೊರಹೋಗುವಾಗ ಹಾರುವುದು ದಂಡಕ್ಕೆ. ಸುತ್ತಿಗೊಂದು ಪಲ್ಸ್ ಎಂದು ಬದಲಿಸಿ, ಮುಳ್ಳು 1,400ರ ಆಸುಪಾಸಿಗೆ ಇಳಿಯುತ್ತದೆ.

ಮೊದಲ ದಿನ ಮೀಟರ್ ಹೊತ್ತಲೇ ಇಲ್ಲ ಎಂದಿರಲ್ಲ, ಅದು ಬಣ್ಣದ ಆಟ. ಮೀಟರಿನ ಕಪ್ಪು ವೈರು ಅರ್ಥ್. ಸ್ಪ್ಲೆಂಡರಿನ ಕಪ್ಪು, ಕೀ ತಿರುಗಿಸಿದರೆ ಬರುವ ಪ್ಲಸ್. ಗಾಡಿಯ ಅರ್ಥ್ ಹಸಿರು. ಕಪ್ಪಿಗೆ ಕಪ್ಪು, ಕೆಂಪಿಗೆ ಕೆಂಪು ಸೇರಿಸಿದರೆ ಎರಡೂ ಕಡೆ ಪ್ಲಸ್ಸೇ! (ನಾನೂ ಒಮ್ಮೆ ಹೀಗೇ ಅರ್ಧ ದಿನ ಕಳೆದಿದ್ದೇನೆ.) ಈಗ ಬ್ಯಾಟರಿಗೇ ನೇರ ಕೊಟ್ಟಿದ್ದೀರಿ, ಅದನ್ನು ಬಿಚ್ಚಿ, ರಾತ್ರಿಯೆಲ್ಲ ಕರೆಂಟ್ ಹೀರುತ್ತದೆ. ಮೀಟರಿನ ಕೆಂಪನ್ನು 1 ಆಂಪಿಯರ್ ಫ್ಯೂಸ್ ಮೂಲಕ ಗಾಡಿಯ ಕಪ್ಪಿಗೆ, ಮೀಟರಿನ ಕಪ್ಪನ್ನು ಹಸಿರಿಗೆ ಕೊಡಿ. ಹೆಡ್‌ಲೈಟಿನಿಂದ ಮಾತ್ರ ಎಳೆಯಬೇಡಿ, ಹಳೆಯ ಗಾಡಿಗಳಲ್ಲಿ ಅದು ಎಸಿ.

ಸಿಗ್ನಲ್ ವೈರನ್ನು ಪ್ಲಗ್ ವೈರಿನ ಮೇಲೆ ನಾಲ್ಕೈದು ಸುತ್ತು ಸುತ್ತಿದರೆ ಸಾಕು, ಸಿಪ್ಪೆ ತೆಗೆಯಬೇಡಿ. ವೈರು ಸೇರಿಸಿದ ಕಡೆ ಟೇಪ್ ಬಿಸಿಲಿಗೆ ಅಂಟು ಬಿಡುತ್ತದೆ, ಸ್ಲೀವ್ ಹಾಕಿಸಿ. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಯಾವ ವೈರೂ ಬಿಗಿಯುತ್ತಿಲ್ಲವೆಂದು ನೋಡಿಕೊಳ್ಳಿ.