ಹೆಬ್ಬಾಗಿಲಿಗೆ ಮರಳಿ ಮೆರುಗು

ಮನೆಗೆ ಬರುವವರನ್ನು ಮೊದಲು ಎದುರುಗೊಳ್ಳುವುದು ಹೆಬ್ಬಾಗಿಲು. ಹಬ್ಬ ಬಂದಾಗ ಅದಕ್ಕೆ ಮಾವಿನ ತೋರಣ ಕಟ್ಟುತ್ತಾರೆ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಉಳಿದ ದಿನಗಳಲ್ಲಿ ಬಿಸಿಲು ಮಳೆಗಳನ್ನು ಸಹಿಸುತ್ತ ನಿಂತಿರುವ ಆ ಮರದ ಕಡೆಗೆ ಗಮನ ಹರಿಯುವುದು ವಿರಳ. ತೇಗ, ಹೊನ್ನೆ, ಹಲಸಿನಂತಹ ಉತ್ತಮ ಮರದ ಬಾಗಿಲು ಸಹ ಕಾಲಕ್ರಮದಲ್ಲಿ ಕಳೆಗುಂದುತ್ತದೆ. ಹಾಗೆಂದು ಅದನ್ನು ಕಿತ್ತೆಸೆಯಬೇಕಾಗಿಲ್ಲ. ತಾಳ್ಮೆಯುಳ್ಳವರು ಮನೆಯಲ್ಲಿಯೇ ಅದಕ್ಕೆ ಮರಳಿ ಮೆರುಗು ಕೊಡಬಹುದು.

ಮರವು ಕಳೆಗುಂದುವುದೇಕೆ? ಮರದ ನಾರುಗಳನ್ನು ಒಂದಕ್ಕೊಂದು ಬೆಸೆದಿರುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಸೂರ್ಯನ ಅತಿನೇರಳೆ ಕಿರಣಗಳು ಇದನ್ನು ಒಡೆಯುತ್ತವೆ. ಒಡೆದ ಅಂಶವನ್ನು ಮಳೆನೀರು ತೊಳೆದೊಯ್ಯುತ್ತದೆ. ಆಗ ಮೇಲ್ಮೈ ಬೂದುಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಆದರೆ ಈ ಹಾನಿ ತೆಳುವಾದ ಮೇಲ್ಪದರಕ್ಕೆ ಮಾತ್ರ. ಅದರ ಕೆಳಗಿನ ಮರ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ.

ಬಾಗಿಲಿಗೆ ಹಳೆಯ ಬಣ್ಣ ಬಳಿದಿದ್ದರೆ ಮೊದಲು ಎಚ್ಚರ ವಹಿಸಬೇಕು. ಹಿಂದಿನ ಅನೇಕ ಬಣ್ಣಗಳಲ್ಲಿ ಸೀಸ ಬೆರೆತಿರುತ್ತಿತ್ತು. ಭಾರತದಲ್ಲಿ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಉಸಿರಿನೊಡನೆ ದೇಹವನ್ನು ಸೇರಬಲ್ಲದು. ಎಳೆಯ ಮಕ್ಕಳ ಮಿದುಳಿಗೆ ಅದರಿಂದಾಗುವ ಕೇಡು ಮತ್ತೆ ಸರಿಹೋಗುವಂಥದಲ್ಲ. ಅಂತಹ ಬಣ್ಣವನ್ನು ಸುಡಲೂಬಾರದು. ಅದನ್ನು ತೆಗೆಯುವ ಕೆಲಸವನ್ನು ಅನುಭವಿಗಳಿಗೆ ಒಪ್ಪಿಸುವುದೇ ಲೇಸು.

ಬರಿಯ ವಾರ್ನಿಶ್ ಕಂಡ ಬಾಗಿಲಿನ ಕೆಲಸ ಸುಲಭ. ಮಳೆಗಾಲ ಕಳೆದು ಮರ ಚೆನ್ನಾಗಿ ಒಣಗಿದ ಮೇಲೆ ಚಿಲಕ, ಅಗುಳಿಗಳನ್ನು ಬಿಚ್ಚಿ, ಬಾಗಿಲನ್ನು ಕೀಲುಗಳಿಂದ ಕಳಚಿ ಮಲಗಿಸಬೇಕು. ಮೂಗಿಗೆ ಬಟ್ಟೆಯ ಬದಲು ಧೂಳು ತಡೆಯುವ ಮುಖಗವಸನ್ನು ಧರಿಸಿ, 80, 120, 180 ಎಂಬ ಅಂಕಗಳ ಮರಳುಕಾಗದದಿಂದ ಕ್ರಮವಾಗಿ ಉಜ್ಜಬೇಕು. ಅಂಕ ಹೆಚ್ಚಿದಷ್ಟೂ ಕಾಗದ ನಯವಾಗಿರುತ್ತದೆ. ಉಜ್ಜುವ ಕೈ ಮರದ ಎಳೆಯ ಉದ್ದಕ್ಕೇ ಸಾಗಬೇಕು. ಅಡ್ಡಗೀರುಗಳು ವಾರ್ನಿಶಿನ ಅಡಿಯಲ್ಲಿ ಎದ್ದು ಕಾಣುತ್ತವೆ.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡುವ ಪಾಲಿಶ್ ಒಳಮನೆಯ ಮೇಜು ಕುರ್ಚಿಗಳಿಗೆ ಚೆಲುವು. ಆದರೆ ನೀರು ತಗುಲಿದಲ್ಲಿ ಅದು ಬೆಳ್ಳಗಾಗುತ್ತದೆ. ಆದುದರಿಂದ ಹೆಬ್ಬಾಗಿಲಿಗೆ ಅತಿನೇರಳೆ ಕಿರಣಗಳನ್ನು ತಡೆಯುವ, ಹೊರಾಂಗಣಕ್ಕೆ ತಕ್ಕ ವಾರ್ನಿಶ್ ಬೇಕು. ಒಮ್ಮೆಗೇ ದಪ್ಪನಾಗಿ ಬಳಿಯದೆ, ಒಂದೊಂದು ಲೇಪವೂ ಒಣಗಿದ ಮೇಲೆ ಹಗುರವಾಗಿ ಉಜ್ಜಿ, ಮೂರು ತೆಳುಲೇಪ ಕೊಡಬೇಕು. ಬಾಗಿಲಿನ ಮೇಲಂಚು, ಕೆಳಅಂಚುಗಳನ್ನು ಮರೆಯಬಾರದು. ಮರ ಬದುಕಿದ್ದಾಗ ನೀರನ್ನು ಮೇಲಕ್ಕೊಯ್ದ ಸೂಕ್ಷ್ಮನಾಳಗಳು ಅಲ್ಲಿ ಬಾಯಿ ತೆರೆದಿರುತ್ತವೆ. ಮಳೆನೀರು ಒಳಹೊಕ್ಕು ಬಾಗಿಲು ಉಬ್ಬುವುದು ಅಲ್ಲಿಂದಲೇ.

ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಎಸೆಯುವುದು ಅಪಾಯಕರ. ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಸೇರುವಾಗ ಹುಟ್ಟುವ ಶಾಖ ಒಳಗೇ ಉಳಿದು, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು.

ತೇಗದ ಮರವೊಂದು ಬಲಿಯಲು ಹಲವು ದಶಕಗಳು ಬೇಕು. ಹಳೆಯ ಬಾಗಿಲನ್ನು ಉಳಿಸಿಕೊಂಡವರು ಮನೆಯ ಅಂದದೊಡನೆ ಕಾಡಿನ ಮರವೊಂದನ್ನೂ ಉಳಿಸಿದಂತಾಗುತ್ತದೆ.