ಮನೆಗಿಂತ ಮೊದಲು ನೆರೆ

ಕಳೆದ ಶಾಬಾನ್ ತಿಂಗಳಲ್ಲಿ ಒಂದು ದಿನ ಅಸರ್ ನಮಾಝಿನ ಬಳಿಕ ವೃದ್ಧರೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಮಸೀದಿಯಲ್ಲಿ ನನ್ನ ಬಳಿ ಬಂದು ಕುಳಿತರು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ನಿಂತು ಮಕ್ಕಳನ್ನು ಸಾಕಿದವರು ಅವರು. ಆಝಾದ್ ನಗರದಲ್ಲಿ ಅವರದೊಂದು ಹಳೆಯ ಮನೆ. ಹಿರಿಯ ಮಗನ ಗ್ಯಾರೇಜು ಅಲ್ಲೇ ಸಮೀಪ. ಕಿರಿಯವನಿಗೆ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ.

“ಹಜರತ್, ಈ ಮನೆ ಮಾರಿ ಕಾಲೇಜಿನ ಕಡೆ ಸೈಟು ತಗೊಳ್ಳೋಣ ಅಂತೀನಿ. ಮಗಳು ಓದಬೇಕು. ಇಲ್ಲಿ ಹೊಗೆ, ಇಕ್ಕಟ್ಟು. ಅಬ್ಬಾ ಒಪ್ಪುತ್ತಿಲ್ಲ” ಎಂದ ಕಿರಿಯವನು.

“ನಾನು ಕಣ್ಣು ಮುಚ್ಚಿದರೆ ಮಯ್ಯತ್ ಎತ್ತೋಕೆ ಇಲ್ಲಿ ಗಲ್ಲಿ ತುಂಬ ಜನ ಇದ್ದಾರೆ. ಅಲ್ಲಿ ಯಾರಿದ್ದಾರೆ?” ಎಂದರು ತಂದೆ.

ಹಿರಿಯ ಮಗ ಏನೂ ಹೇಳಲಿಲ್ಲ. ಷರೀಅತ್ ಏನು ಹೇಳುತ್ತದೆಂದು ತಿಳಿಸಿ ಎಂದು ಮೂವರೂ ನನ್ನ ಮುಖ ನೋಡಿದರು. ಅಂದು ನಾನು ಕೊಟ್ಟ ಉತ್ತರ ಅಪೂರ್ಣವಾಗಿತ್ತು. ಇಂತಹ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಎದ್ದಿರುವುದರಿಂದ ಈ ಬಗ್ಗೆ ಸ್ವಲ್ಪ ವಿವರವಾಗಿ ಆಲೋಚಿಸೋಣ.

ಊರುಗಳು ಬದಲಾಗುತ್ತವೆ

ದಾವಣಗೆರೆ ಒಂದು ಕಾಲದಲ್ಲಿ ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ ಮೇಲೆ ಹಳ್ಳಿ ಪೇಟೆಯಾಯಿತು. ಬಳಿಕ ಹತ್ತಿ ಗಿರಣಿಗಳು ಬಂದವು. ಅವುಗಳ ಜೊತೆಯಲ್ಲೇ ಕಾರ್ಮಿಕರ ಕೇರಿಗಳು ಬೆಳೆದವು. ಗಿರಣಿಗಳು ಒಂದೊಂದಾಗಿ ಮುಚ್ಚುತ್ತ ಹೋದಂತೆ ಊರು ಕಾಲೇಜುಗಳ ಊರಾಯಿತು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಆರಂಭವಾದವು. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಯಿತು. 2009ರಲ್ಲಿ ತೋಳಹುಣಸೆಯಲ್ಲಿ ವಿಶ್ವವಿದ್ಯಾನಿಲಯವೂ ಸ್ಥಾಪನೆಯಾಯಿತು. ನಾನು ವಾಸಿಸುವ ಆನೆಕೊಂಡವೂ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಹೋಗಿದೆ.

ಕರಾವಳಿಯವರು ಇದನ್ನು ಬೇರೊಂದು ರೂಪದಲ್ಲಿ ಕಂಡಿದ್ದಾರೆ. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಆಮೇಲೆ ಅದರ ಸಮೀಪದ ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳು ತಲೆಯೆತ್ತಿದವು. ಇಂತಹ ಕಡೆ ನೆಲದ ಬೆಲೆ ಏರುತ್ತದೆ. ಮನೆಯ ಯಜಮಾನನಿಗೆ ಪಕ್ಕದ ಮನೆಯವನಿಗಿಂತ ಬಾಡಿಗೆದಾರನೇ ಮುಖ್ಯನಾಗುತ್ತಾನೆ. ಆದ್ದರಿಂದ ಮನೆಯನ್ನು ಬದಲಾಯಿಸುವುದು ತಪ್ಪೇ ಎಂಬುದು ಸರಿಯಾದ ಪ್ರಶ್ನೆಯಲ್ಲ. ಯಾವುದನ್ನು ನೋಡಿ ಬದಲಾಯಿಸಬೇಕು ಎಂಬುದೇ ಪ್ರಶ್ನೆ.

ಬನೂ ಸಲಿಮಾದವರ ಪಾಠ

ಹಝ್ರತ್ ಇಬ್ರಾಹೀಮ್(ಅ)ರು ಪತ್ನಿ ಮತ್ತು ಮಗುವನ್ನು ಪೈರು ಬೆಳೆಯದ ಕಣಿವೆಯಲ್ಲಿ ನೆಲೆಗೊಳಿಸಿದರು. ಅವರು ಅಲ್ಲಾಹನಲ್ಲಿ ಮಾಡಿದ ಪ್ರಾರ್ಥನೆಯಲ್ಲಿ ನಮಾಝ್ ಮೊದಲು ಬಂತು. ಜನರ ಮನಸ್ಸು ಅವರತ್ತ ಒಲಿಯಲಿ ಎಂಬ ಬೇಡಿಕೆ ಅನಂತರ ಬಂತು. ಹಣ್ಣುಹಂಪಲು ಕೊನೆಯಲ್ಲಿ ಬಂತು. ಸೈಟು ನೋಡಲು ಹೊರಡುವವರು ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಬೇಕು. ನಾವು ಸಾಮಾನ್ಯವಾಗಿ ಇದನ್ನು ಕೊನೆಯಿಂದ ಆರಂಭಿಸುತ್ತೇವೆ.

ಹಾಗಾದರೆ ಮಸೀದಿಯ ಪಕ್ಕದಲ್ಲೇ ಮನೆ ಇರಬೇಕೇ? ಮದೀನಾದ ಬನೂ ಸಲಿಮಾ ಗೋತ್ರದವರು ಪಟ್ಟಣದ ಅಂಚಿನಲ್ಲಿದ್ದರು. ಮಸೀದಿಯ ಬಳಿ ಜಾಗ ಖಾಲಿಯಾದಾಗ ಅಲ್ಲಿಗೆ ಬರಲು ಅವರು ಇಚ್ಛಿಸಿದರು. ಎಷ್ಟು ಒಳ್ಳೆಯ ಆಸೆ! ಆದರೆ ಪ್ರವಾದಿ(ಸ)ಯವರು ಅವರಿಗೆ ಇದ್ದ ಮನೆಗಳಲ್ಲೇ ಇರಲು ಹೇಳಿದರು. ಮಸೀದಿಗೆ ನಡೆದು ಬರುವ ಅವರ ಹೆಜ್ಜೆಗಳು ದಾಖಲಾಗುತ್ತವೆ ಎಂದು ಸಂತೈಸಿದರು. ಮದೀನಾದ ಅಂಚು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲವೆಂದು ಬುಖಾರಿಯ ವರದಿಯಲ್ಲಿದೆ.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಮಸೀದಿ ದೂರವೆಂಬ ಒಂದೇ ಕಾರಣಕ್ಕೆ ಹೊಸ ಬಡಾವಣೆ ನಿಷಿದ್ಧವಾಗುವುದಿಲ್ಲ. ನಡೆದು ಬರುವ ಮನಸ್ಸಿದ್ದರೆ ಆ ದೂರವೇ ಪುಣ್ಯವಾಗುತ್ತದೆ. ಇದು ಮಗನ ಪಾಲಿನ ಪಾಠ. ಒಂದು ಕುಟುಂಬ ಎದ್ದು ಹೋದಾಗ ಹಿಂದೆ ಏನು ಬರಿದಾಗುತ್ತದೆಂದು ನೋಡುವುದೂ ಕರ್ತವ್ಯ. ಇದು ತಂದೆಯ ಪಾಲಿನ ಪಾಠ. ಓದಿದವರು, ನಾಲ್ಕು ಕಾಸು ಉಳ್ಳವರು ಎಲ್ಲರೂ ಹಳೆಯ ಮೊಹಲ್ಲಾ ಬಿಟ್ಟರೆ ಅಲ್ಲಿನ ಮಕ್ಕಳಿಗೆ ಅರ್ಜಿ ತುಂಬಿಕೊಡುವವರು ಯಾರು? ಹೋಗುವುದಾದರೂ ಆ ನಂಟನ್ನು ಕಡಿದುಕೊಂಡು ಹೋಗಬಾರದು.

ಆದರೆ ಒಂದು ಸ್ಥಳದ ಸಹವಾಸವು ಮನುಷ್ಯನನ್ನು ಪಾಪಕ್ಕೆ ಎಳೆಯುತ್ತಿದ್ದರೆ ಆ ಸ್ಥಳವನ್ನು ಬಿಡುವುದೇ ಮೇಲು. ತೊಂಬತ್ತೊಂಬತ್ತು ಕೊಲೆ ಮಾಡಿ, ನೂರನೆಯದನ್ನೂ ಮಾಡಿ ಪಶ್ಚಾತ್ತಾಪಪಟ್ಟವನಿಗೆ ವಿದ್ವಾಂಸರು ಊರನ್ನೇ ಬಿಡಲು ಹೇಳಿದ ವೃತ್ತಾಂತವು ಹದೀಸಿನಲ್ಲಿ ಪ್ರಸಿದ್ಧವಾಗಿದೆ.

ನೆರೆಯವನು ಯಾರು?

ಫಿರ್‌ಔನನ ಪತ್ನಿ ಆಸಿಯಾ(ರ)ರು ಸ್ವರ್ಗದಲ್ಲಿ ಮನೆಯನ್ನು ಬೇಡಿದರು. ಆದರೆ ಅವರ ಪ್ರಾರ್ಥನೆಯಲ್ಲಿ ಅಲ್ಲಾಹನ ಸಾಮೀಪ್ಯದ ಮಾತು ಮನೆಯ ಮಾತಿಗಿಂತ ಮೊದಲು ಬಂದಿದೆ. ಮನೆಗಿಂತ ಮೊದಲು ನೆರೆಯನ್ನು ಆರಿಸಬೇಕೆಂಬುದಕ್ಕೆ ವಿದ್ವಾಂಸರು ಇದನ್ನು ದೃಷ್ಟಾಂತವಾಗಿ ಕೊಡುತ್ತಾರೆ.

ಒಳ್ಳೆಯ ನೆರೆ ಎಂದರೆ ನಮ್ಮವರೇ ಇರುವ ಬೀದಿಯೆಂದು ಕೆಲವರು ತಿಳಿಯುತ್ತಾರೆ. ನಮ್ಮವರ ನಡುವೆ ಇರಬಯಸುವುದು ಸಹಜ. ಆದರೆ ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ಬಂಧುವಾದ ನೆರೆಯವನನ್ನೂ ಅಪರಿಚಿತನಾದ ನೆರೆಯವನನ್ನೂ ಜೊತೆಯಾಗಿಯೇ ಹೆಸರಿಸಿ ಇಬ್ಬರಿಗೂ ಒಳಿತು ಮಾಡಲು ಆಜ್ಞಾಪಿಸಿದೆ. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವರಿಗೆ ಪಾಲು ತಲುಪಿತೇ ಎಂದು ಅವರು ವಿಚಾರಿಸಿದರು.

ಬಾಡಿಗೆ ಮನೆ ಹುಡುಕುವಾಗ ನಮ್ಮ ಹೆಸರು ಕೇಳಿದೊಡನೆ “ಮನೆ ಆಗಲೇ ಕೊಟ್ಟಾಯಿತು” ಎನ್ನುವವರು ಸಿಗುತ್ತಾರೆ. ಆ ನೋವನ್ನು ನಾನೂ ಬಲ್ಲೆ. ಆದರೆ ನಮ್ಮ ಮನೆಗಳನ್ನು ಬಾಡಿಗೆಗೆ ಕೊಡುವಾಗ ನಾವೂ ಜಾತಿ, ಭಾಷೆ, ಬಡತನ ನೋಡಿ ಹಾಗೆಯೇ ಹೇಳುವುದಿಲ್ಲವೇ? ಅಳೆಯುವ ಕೋಲು ಒಂದೇ ಇರಲಿ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಆನೆಕೊಂಡದ ಮನೆಗೆ ಬಂದ ಹೊಸದರಲ್ಲಿ ನೆರೆಯವರು ಎಂಥವರೋ ಎಂಬ ಚಿಂತೆ ನಮಗಿತ್ತು. ಹಲವು ತಿಂಗಳ ಬಳಿಕ ಒಂದು ಮುಂಜಾನೆ ಫಜರ್ ಮುಗಿಸಿ ಬರುವಾಗ ಪಕ್ಕದ ಮನೆಯ ತಾಯಿ ತಮ್ಮ ಬಾಗಿಲ ಮುಂದೆ ನಿಂತ ನೀರನ್ನು ಪೊರಕೆಯಿಂದ ತಳ್ಳುತ್ತಿದ್ದರು. ಅದು ನಮ್ಮ ಬಚ್ಚಲಿನ ನೀರು. ದಿನವೂ ಅವರು ಅದನ್ನು ತಳ್ಳಿಯೇ ರಂಗೋಲಿ ಇಡುತ್ತಿದ್ದರಂತೆ. “ಯಾಕಮ್ಮಾ, ಹೇಳಬಾರದಿತ್ತೇ?” ಎಂದೆ. “ಹೊಸಬರು, ಮೇಷ್ಟ್ರು ಬೇರೆ. ಹೆಂಗೆ ಹೇಳೋದಪ್ಪಾ?” ಎಂದರು. ಯಾರ ಕಿರುಕುಳದಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ಸತ್ಯವಿಶ್ವಾಸಿಯಲ್ಲವೆಂಬ ಹದೀಸನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದವನು ನಾನು! ಅಂದೇ ಕೊಳವೆ ಹಾಕಿಸಿದೆ. ನೆರೆಯವರು ಎಂಥವರೆಂದು ಕೇಳುತ್ತಿದ್ದ ನಾನು, ಅವರಿಗೆ ಎಂಥ ನೆರೆಯವನು ಸಿಕ್ಕಿದ್ದಾನೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹಣ ಮತ್ತು ಕಾಗದಪತ್ರ

ಮನೆ ಎಷ್ಟೇ ಚೆನ್ನಾಗಿರಲಿ, ಅದರ ಬುನಾದಿಯಲ್ಲಿ ಬಡ್ಡಿ ಇದ್ದರೆ ಬರಕತ್ ಎಲ್ಲಿಂದ ಬರಬೇಕು? ನಮ್ಮ ಕಡೆ ಭೋಗ್ಯದ ರೂಢಿಯಿದೆ. ಮನೆಯೊಡೆಯನಿಗೆ ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ವರ್ಷಗಟ್ಟಲೆ ಇದ್ದು, ಬಿಡುವಾಗ ಪೂರ್ತಿ ಹಣ ಹಿಂಪಡೆಯುತ್ತಾರೆ. ಹಿಂದಿರುಗುವ ಹಣ ವಾಸ್ತವದಲ್ಲಿ ಸಾಲ. ಬಾಡಿಗೆಯಿಲ್ಲದ ವಾಸ ಆ ಸಾಲದ ಮೇಲಿನ ಲಾಭ. ಆದ್ದರಿಂದಲೇ ಹೆಚ್ಚಿನ ಉಲಮಾಗಳು ಇದನ್ನು ಒಪ್ಪುವುದಿಲ್ಲ. ಮಾಮೂಲಿನ ಮುಂಗಡ ಕೊಟ್ಟು, ಆ ಜಾಗದ ನ್ಯಾಯವಾದ ಬಾಡಿಗೆ ಕೊಡುವುದು ಸುರಕ್ಷಿತ ಮಾರ್ಗ.

ಸೈಟು ಕೊಳ್ಳುವವರು ಅಗ್ಗದ ಬೆಲೆಗೆ ಮರುಳಾಗಬಾರದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಕೃಷಿ ಜಮೀನು ಪರಿವರ್ತನೆಯಾಗಿದೆಯೇ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇದೆಯೇ, ಖಾತೆ ಯಾರ ಹೆಸರಿನಲ್ಲಿದೆ, ಋಣಭಾರ ಪತ್ರದಲ್ಲಿ ಏನಿದೆ ಎಂದು ನೋಡಬೇಕು. ಅಸ್ಪಷ್ಟತೆ ಮತ್ತು ಮೋಸವಿರುವ ವ್ಯಾಪಾರವನ್ನು ಪ್ರವಾದಿ(ಸ)ಯವರು ತಡೆದಿದ್ದಾರೆ. ದೋಷವನ್ನು ಮುಚ್ಚಿಟ್ಟು ಮಾರುವುದೂ ಅದೇ ಪಾಪ.

ಮಾರುವವನ ಹೊಣೆ

ಪ್ರವಾದಿ(ಸ)ಯವರು ವಿಮೋಚಿಸಿದ್ದ ಅಬೂ ರಾಫಿಅ್(ರ)ರು ತಮ್ಮ ಎರಡು ಮನೆಗಳನ್ನು ಮಾರಲು ನೆರೆಯವರಾದ ಸಅದ್ ಬಿನ್ ಅಬೀ ವಕ್ಕಾಸ್(ರ)ರ ಬಳಿ ಬಂದರು. ಸಅದ್‌ರು 4,000 ದಿರ್ಹಮ್‌ಗಳನ್ನು, ಅದೂ ಕಂತಿನಲ್ಲಿ, ಕೊಡುವುದಾಗಿ ಹೇಳಿದರು. ಬೇರೆಯವರು 500 ದೀನಾರ್ ಕೊಡಲು ಸಿದ್ಧರಿದ್ದರು. ಅದು ಇದಕ್ಕಿಂತ ಹೆಚ್ಚಿನ ಬೆಲೆ. ಆದರೂ ಸಮೀಪದ ಕಾರಣ ನೆರೆಯವನ ಹಕ್ಕು ಹೆಚ್ಚಿನದೆಂದು ಪ್ರವಾದಿ(ಸ)ಯವರಿಂದ ಕೇಳಿದ್ದ ಅಬೂ ರಾಫಿಅ್(ರ)ರು ಸಅದ್‌ರಿಗೇ ಮಾರಿದರು. ಇಂದು ಹಳೆಯ ಮನೆ ಮಾರುವಾಗ ಪಕ್ಕದ ಮನೆಯವರಿಗೆ ಸುದ್ದಿ ಕೊನೆಯಲ್ಲಿ ತಿಳಿಯುತ್ತದೆ!

ಇನ್ನೊಂದು ಮಾತು. ತಂದೆ ಬದುಕಿರುವವರೆಗೆ ಮನೆ ತಂದೆಯದು. ವಾರಸಿನ ಹಕ್ಕು ಹುಟ್ಟುವುದು ಮರಣಾನಂತರ. ಮಕ್ಕಳು ವಿನಂತಿಸಬಹುದು, ಒತ್ತಾಯಿಸಬಾರದು.

ಆ ಕುಟುಂಬ ಮನೆ ಮಾರಲಿಲ್ಲ. ಕಿರಿಯವನು ಕಾಲೇಜಿನ ಹತ್ತಿರ ತಿಂಗಳ ಬಾಡಿಗೆಗೆ ಮನೆ ಹಿಡಿದ. ತಂದೆತಾಯಿ ಹಿರಿಯನೊಂದಿಗೆ ಉಳಿದರು. ಅವನು ಶುಕ್ರವಾರ ಹಳೆಯ ಮೊಹಲ್ಲಾಕ್ಕೆ ಬಂದು ಸಂಜೆ ಅಲ್ಲಿನ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಾನೆ. ಎಲ್ಲವೂ ಸರಿಹೋಯಿತೆಂದಲ್ಲ, ಬಾಡಿಗೆ ಅವನಿಗೆ ಭಾರವೇ, ಮೊಮ್ಮಗಳಿಲ್ಲದ ಮನೆ ಮುದುಕರಿಗೆ ಬೇಸರವೇ. ಆದರೆ ಈದ್‌ನ ದಿನ ಮಗನ ಮನೆಗೆ ಮೊದಲ ಸಲ ಹೋದ ಆ ಹಿರಿಯರು ಕೋಣೆಗಳನ್ನು ನೋಡುವ ಮೊದಲು ಕೇಳಿದ್ದು ಒಂದೇ ಮಾತು: “ಪಕ್ಕದ ಮನೆಗೆ ಶೀರ್‌ಖುರ್ಮಾ ಕೊಟ್ಟಿರಾ?”

ಶಾಶ್ವತವಾಗಿ ನೆಲೆಸುವ ಊರಿನಲ್ಲಿ ಕೆಟ್ಟ ನೆರೆಯಿಂದ ಪ್ರವಾದಿ(ಸ)ಯವರು ಅಲ್ಲಾಹನ ರಕ್ಷಣೆ ಬೇಡುತ್ತಿದ್ದರು. ನಾವೂ ಬೇಡೋಣ. ಬೇಡುವಾಗ, ನಮ್ಮ ಗೋಡೆಯ ಆಚೆಗಿರುವವರು ನಮ್ಮಿಂದ ರಕ್ಷಣೆ ಬೇಡುವಂತಾಗದಿರಲಿ ಎಂದೂ ಸೇರಿಸೋಣ. ಅಲ್ಲಾಹನು ನಮಗೆ ವಿಶಾಲವಾದ ಮನೆಯನ್ನೂ ಉತ್ತಮ ನೆರೆಯನ್ನೂ ಉತ್ತಮ ನೆರೆಯವರಾಗುವ ಸೌಭಾಗ್ಯವನ್ನೂ ಕರುಣಿಸಲಿ. ಆಮೀನ್.